ಮಾವನ ಜೊತೆ ದ್ರಾಕ್ಷಿ ತೋಟದಲ್ಲಿ ಮೂರು ದಿನ

ಹೆಂಡತಿಯ ಜೊತೆ ಹೋಗಬೇಕೆಂದು ಬುಕ್ ಮಾಡಿದ ಪ್ರವಾಸಕ್ಕೆ ಹೆಂಡತಿಯ ಅಪ್ಪನ ಜೊತೆ ಹೋಗಿಬಂದ ಗಂಡಸು ಇಡೀ ಜರ್ಮನಿಯಲ್ಲಿ ನಾನೊಬ್ಬನೇ ಇರಬೇಕು. ಅದೂ ಎಂಥ ಪ್ರವಾಸ? ದ್ರಾಕ್ಷಿ ತೋಟಗಳ ನಡುವೆ ಕಾಲ್ನಡಿಗೆ. ಗೈಡ್ ಇರುವುದಿಲ್ಲ, ದಾರಿ ಹೇಳುವ ಒಂದು ಪುಸ್ತಿಕೆ ಕೊಡುತ್ತಾರೆ. ಬೆಳಿಗ್ಗೆ ಸೂಟ್‌ಕೇಸನ್ನು ಬಾಗಿಲಲ್ಲಿಟ್ಟು ಕೈಬೀಸಿಕೊಂಡು ಹೊರಟರೆ, ಸಂಜೆ ನಾವು ಮುಂದಿನ ಊರಿನ ಗಾಸ್ಟ್‌ಹೌಸ್ ಎಂಬ ತಂಗುಮನೆ ತಲುಪುವಷ್ಟರಲ್ಲಿ ಅದು ವ್ಯಾನಿನಲ್ಲಿ ಬಂದು ಕೂತಿರುತ್ತದೆ. ಮೂರನೆಯ ದಿನ ಗಡಿ ದಾಟಿ ಫ್ರಾನ್ಸಿನ ಒಂದು ವೈನ್ ಊರಿನಲ್ಲಿ ಮುಕ್ತಾಯ. ಆರಾಮದ ನಡಿಗೆ, ದಂಪತಿಗಳಿಗೆ ಹೇಳಿಮಾಡಿಸಿದ್ದು ಎಂದು ಜಾಹೀರಾತಿನಲ್ಲಿತ್ತು. ಆರಾಮವಂತೆ! ಆ ಮೂರು ದಿನ ನಾನು ಹಲ್ಲು ಕಡಿದದ್ದು ನನಗೇ ಗೊತ್ತು.

ಆದದ್ದು ಇಷ್ಟು. ನಾವಿದ್ದದ್ದು ಹೈಡೆಲ್‌ಬರ್ಗ್‌ನಲ್ಲಿ. ನಾನು ಮೈಸೂರಿನವನು, ದಿನಾ ಕಾರಿನಲ್ಲಿ ವಾಲ್‌ಡಾರ್ಫ್‌ಗೆ ಹೋಗಿ ಸಾಫ್ಟ್‌ವೇರ್ ಬರೆಯುವ ಆಸಾಮಿ. ಹೆಂಡತಿ ಉಡುಪಿಯವಳು, ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವಳು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅಲ್ಲಿ ಇಲ್ಲಿ ಚಿಲ್ಲರೆ ಕೆಲಸ ಮಾಡಿಕೊಂಡಿದ್ದವಳು. ಆ ವರ್ಷ ಅವಳಿಗೆ ಮ್ಯೂನಿಕ್‌ನ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಿತು. ನಾನು ಬೇಡವೇ ಬೇಡ ಎಂದೆ. ಎರಡು ಊರಲ್ಲಿ ಎರಡು ಮನೆ ಮಾಡಿಕೊಂಡು ವಾರಕ್ಕೊಮ್ಮೆ ರೈಲು ಹತ್ತಿ ಸಂಸಾರ ಮಾಡುವುದು ಯಾವ ಸೀಮೆ ಸಂಸಾರ? ಅವಳು ನನ್ನ ಜೊತೆ ಮಾತು ಬಿಟ್ಟಳು. ಸರಿಯಾಗಿ ಆ ಹೊತ್ತಿಗೆ ಮಾವ ವಿಸಿಟ್ ವೀಸಾದಲ್ಲಿ ಬಂದಿಳಿದರು. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ತಮ್ಮ ವಾಪಸಿನ ವಿಮಾನದಲ್ಲೇ ಅವಳಿಗೂ ಒಂದು ಟಿಕೆಟ್ ಮಾಡಿಸಿಬಿಟ್ಟರು. "ಸ್ವಲ್ಪ ಸಮಯ ಊರಲ್ಲಿ ಇರ್ಲಿ" ಎಂದರು. ಹಾಗೆ ಹೋದ ಹೆಣ್ಣುಮಕ್ಕಳು ವಾಪಸ್ ಬರದೇ ಹೋದದ್ದನ್ನು ನಾನೂ ಕಂಡವನೇ.

ಅವಳು ವಿಮಾನ ಹತ್ತದಂತೆ ಮಾಡಬೇಕೆಂದೇ ನಾನು ಈ ನಡಿಗೆ ಬುಕ್ ಮಾಡಿದ್ದು. ಹೊರಡುವ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕದಲಲಿಲ್ಲ. "ನಾನು ಬರುದಿಲ್ಲ. ಅಪ್ಪನನ್ನು ಕರ್ಕೊಂಡು ಹೋಗು. ಹೇಗೂ ಕ್ಯಾನ್ಸಲ್ ಆಗುದಿಲ್ಲ ಅಲ್ವಾ?" ಎಂದಳು. ತಿರುಗಿ ನೋಡಿದರೆ ಮಾವ ಆಗಲೇ ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಮಾವ ಉಡುಪಿಯಲ್ಲಿ ಖಾಸಗಿ ಬಸ್ ಕಂಪನಿಯೊಂದರ ಮ್ಯಾನೇಜರಾಗಿ ರಿಟೈರಾದವರು. ಜೀವಮಾನವಿಡೀ ಬಸ್ಸುಗಳನ್ನು ಸ್ಟ್ಯಾಂಡಿನಿಂದ ಹೊರಗೆ ಅಟ್ಟಿದ ಮನುಷ್ಯನಿಗೆ ಆರಾಮದ ನಡಿಗೆ ಎಂದರೆ ಏನು ಅರ್ಥವಾಗಬೇಕು? ಮೊದಲ ದಿನ ಅವರು ಮುಂದೆ, ನಾನು ಹಿಂದೆ. ಪುಸ್ತಿಕೆಯಲ್ಲಿ 'ಕಲ್ಲಿನ ಶಿಲುಬೆಯ ಬಳಿ ನಿಂತು ಕಣಿವೆಯ ನೋಟವನ್ನು ಸವಿಯಿರಿ' ಎಂದಿತ್ತು. ನಿಂತೆ. ಸಾಲು ಸಾಲು ಬಳ್ಳಿ, ಅಂಚಿನಲ್ಲಿ ಹಳದಿಗೆ ತಿರುಗುತ್ತಿದ್ದ ಎಲೆ, ಕೆಳಗೆ ಒಂದು ಚರ್ಚಿನ ಗೋಪುರ. ಚೆನ್ನಾಗಿಯೇ ಇತ್ತು, ಆದರೆ ಯಾರ ಜೊತೆ ನೋಡಬೇಕಾದ್ದನ್ನು ಯಾರ ಜೊತೆ ನೋಡುತ್ತಿದ್ದೇನೆ ಎಂದು ಹೊಟ್ಟೆ ಉರಿಯಿತು.

"ನೋಡಿ ಆಯ್ತಾ? ಬನ್ನಿ ಮಾರಾಯ್ರೆ, ಹಿಂದಿನ ಗಾಡಿ ಬಂತು" ಎಂದರು ಮಾವ. ಹಿಂದೆ ಒಬ್ಬ ಜರ್ಮನ್ ಮುದುಕ, ಒಬ್ಬಳು ಮುದುಕಿ ಕೋಲೂರಿಕೊಂಡು ಬರುತ್ತಿದ್ದರು.

"ಓವರ್‌ಟೇಕ್ ಮಾಡ್ಲಿ ಬಿಡಿ ಮಾವ. ನಮಗೇನು ಟ್ರಿಪ್ ತಪ್ಪುತ್ತಾ?"

"ನಿಮ್ಗೆ ಯಾವಾಗಲೂ ಹಾಗೆಯೇ. ಯಾವುದಕ್ಕೂ ಅರ್ಜೆಂಟೇ ಇಲ್ಲ. ಮನೆಯಲ್ಲಿ ಹೆಂಡತಿ ಮಾತು ಬಿಟ್ಟರೂ ಅರ್ಜೆಂಟ್ ಇಲ್ಲ."

ಅಷ್ಟರಲ್ಲಿ ತೋಟದೊಳಗಿಂದ ಢಮಾರ್ ಎಂದಿತು. ಹಣ್ಣು ತಿನ್ನುವ ಹಕ್ಕಿಗಳನ್ನು ಓಡಿಸಲು ಇಲ್ಲಿ ಗ್ಯಾಸಿನ ಬಂದೂಕು ಇಟ್ಟಿರುತ್ತಾರೆ, ಅದು ತನ್ನಷ್ಟಕ್ಕೆ ಸಿಡಿಯುತ್ತಿರುತ್ತದೆ. ಮಾವ ಹಾರಿಬಿದ್ದು ನನ್ನ ತೋಳು ಹಿಡಿದುಕೊಂಡರು. "ಎಂತ, ಜಾತ್ರೆಯ ಗರ್ನಾಲಾ?" ಎಂದು ಕೇಳಿ, ಹಿಡಿದದ್ದು ನನ್ನ ತೋಳು ಎಂದು ಗೊತ್ತಾದ ಕೂಡಲೇ ಬಿಟ್ಟುಬಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಸಂಜೆಯದ್ದು ಬೇರೆಯೇ ಕಥೆ. ಬುಕ್ಕಿಂಗ್ ದಂಪತಿಗಳಿಗೆ ತಾನೇ? ಗಾಸ್ಟ್‌ಹೌಸಿನ ಯಜಮಾನಿ ನಮ್ಮಿಬ್ಬರನ್ನು ಒಮ್ಮೆ ಮೇಲೆ ಕೆಳಗೆ ನೋಡಿ, ಏನೂ ಕೇಳದೆ ಬೀಗದ ಕೈ ಕೊಟ್ಟಳು. ಬೇರೆ ರೂಮು ಖಾಲಿ ಇಲ್ಲ, ದ್ರಾಕ್ಷಿ ಕೊಯ್ಲಿನ ಸಮಯ ಎಂದಳು. ಒಳಗೆ ಜೋಡಿ ಮಂಚ, ಅದರ ಮೇಲೆ ಟವೆಲಿನಲ್ಲಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕೂತಿದ್ದವು.

"ಇದೆಂತದು, ಕೊಕ್ಕರೆಯಾ?" ಎಂದು ಕೇಳಿದ ಮಾವ ಒಂದನ್ನು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಊಟದ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿಟ್ಟಿದ್ದನ್ನು ನೋಡಿ ಕರೆಂಟ್ ಹೋಗಿದೆಯಾ ಎಂದು ವಿಚಾರಿಸಿದರು. ಇಬ್ಬರಿಗೆಂದು ತಂದಿಟ್ಟ ಹೊಸ ವೈನನ್ನು ಅವರು ಮುಟ್ಟಲಿಲ್ಲ. ಅವರ ಗ್ಲಾಸನ್ನೂ ನಾನೇ ಎಳೆದುಕೊಂಡು, ಅವರು ನೋಡುತ್ತಿದ್ದಂತೆ ಬೇಕಂತಲೇ ನಿಧಾನವಾಗಿ ಕುಡಿದೆ. ನನಗೆ ವೈನ್ ಅಂಥಾ ಇಷ್ಟವೇನಲ್ಲ.

"ಇದನ್ನೂ ಸೇರಿಸಿ ಹೇಳ್ತೇನೆ ಮಗಳಿಗೆ" ಎಂದರು.

"ಹೇಳಿ. ಅವಳೇ ನನಗೆ ವೈನ್ ಗ್ಲಾಸ್ ಗಿಫ್ಟ್ ಕೊಟ್ಟಿರೋದು."

ಎರಡನೆಯ ದಿನ ಜಗಳ ನೇರವಾಗಿಯೇ ಹತ್ತಿಕೊಂಡಿತು. ಕಪ್ಪು ದ್ರಾಕ್ಷಿಯ ಸಾಲೊಂದರ ಪಕ್ಕ ಹೋಗುತ್ತಿದ್ದಾಗ ಮಾವ ಕೈ ಚಾಚಿ ಒಂದು ಗೊಂಚಲನ್ನೇ ಕಿತ್ತರು. ಬೇಡ ಮಾವ, ಇಲ್ಲಿ ಕೀಳಬಾರದು ಎಂದೆ. "ಇಷ್ಟು ಉಂಟಲ್ಲ, ಒಂದು ತಿಂದರೆ ಎಂತ ಮುಳುಗ್ತದೆ?" ಎಂದು ಎರಡು ಹಣ್ಣು ಬಾಯಿಗೆ ಹಾಕಿಕೊಂಡರು. ಎಲ್ಲಿತ್ತೋ ಏನೋ, ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಮೇಲಿದ್ದ ಕೆಂಪು ಮುಖದ ಆಸಾಮಿ ಇಳಿಯದೆಯೇ ಬೈಯತೊಡಗಿದ. ವರ್ಷವಿಡೀ ದುಡಿದು ಬೆಳೆಸಿದ್ದು, ದಾರಿಹೋಕರ ತಟ್ಟೆಗೆ ಹಾಕಿದ್ದಲ್ಲ ಎಂಬರ್ಥದ ಮಾತು. ಮಾವ ಗೊಂಚಲನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದರು.

"ಎಂತ ಹೇಳ್ತಾನೆ ಅವ?"

"ಕಳ್ಳ ಅಂತಾನೆ" ಎಂದೆ. ಅವನು ಆ ಶಬ್ದ ಬಳಸಿರಲಿಲ್ಲ.

"ನೀವೆಂತ ಹೇಳಿದ್ರಿ?"

"ಇವರು ನನ್ನ ಕಡೆಯವರಲ್ಲ ಅಂದೆ."

ಟ್ರ್ಯಾಕ್ಟರ್ ಹೋದ ಮೇಲೂ ಮಾವನ ಮುಖದ ಕೆಂಪು ಇಳಿಯಲಿಲ್ಲ. ನಾನಾದರೂ ಬಿಡುವವನಾ? "ಬೇರೆಯವರ ತೋಟದ್ದನ್ನ ಹೇಳದೆ ಕೇಳದೆ ಕಿತ್ಕೊಂಡು ಹೋಗೋದು ಇಲ್ಲಿ ತಪ್ಪು, ಮಾವ. ಟಿಕೆಟ್ ಮಾಡ್ಸೋಕೆ ಮುಂಚೆ ನನ್ನನ್ನ ಒಂದ್ಮಾತು ಕೇಳ್ಬೋದಿತ್ತು" ಎಂದೆ.

"ನಿಮ್ಮ ತೋಟವಾ?" ಮಾವ ಗೊಂಚಲನ್ನು ನೆಲಕ್ಕೆ ಬಿಸಾಡಿದರು. "ಬೆಳೆಸಿದ್ದು ಯಾರು? ಓದಿಸಿದ್ದು ಯಾರು? ನಾನು ಕೊಟ್ಟದ್ದು ಮಾರಾಯ್ರೆ, ನೀವು ಬೆಳೆಸಿದ್ದಲ್ಲ. ಬಾಡಿದರೆ ವಾಪಸ್ ತಕೊಂಡು ಹೋಗುವುದೇ."

"ಕೊಟ್ಟ ಮೇಲೆ ಆಯ್ತಲ್ಲ, ಇನ್ನೇನು ನಿಮ್ದು?"

"ನಿಮ್ಮ ಜೊತೆ ಬಂದದ್ದು ದ್ರಾಕ್ಷಿ ನೋಡ್ಲಿಕ್ಕಲ್ಲ, ಇದನ್ನು ಇತ್ಯರ್ಥ ಮಾಡ್ಲಿಕ್ಕೇ!"

ದಾರಿಯ ಬದಿಯ ಬೆಂಚಿನ ಮೇಲೆ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು ಕೂತು, ಮೂರು ವರ್ಷದಿಂದ ಕೂಡಿಟ್ಟದ್ದನ್ನೆಲ್ಲ ಕಕ್ಕಿದೆವು. ಮದುವೆಯಲ್ಲಿ ನಮ್ಮ ಕಡೆಯವರಿಗೆ ಮಾಡಿದ ಅಗೌರವದಿಂದ ಹಿಡಿದು, ಅವರು ಫೋನ್ ಮಾಡಿದಾಗಲೆಲ್ಲ ನಾನು ಮೀಟಿಂಗ್ ಎಂದು ಹೇಳಿಸಿದ್ದರವರೆಗೆ ಯಾವುದೂ ಬಿಡಲಿಲ್ಲ. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಮ್ಯೂನಿಕ್ ಆಗದು. "ಒಬ್ಬಳೇ ಹೆಣ್ಣು, ಗೊತ್ತು ಗುರಿ ಇಲ್ಲದ ಊರು. ಗಂಡನ ಮನೆಯಲ್ಲಿ ಇರ್ಬೇಕು, ಇಲ್ಲವಾ ಅಪ್ಪನ ಮನೆಗೆ ಬರ್ಬೇಕು. ಮೂರನೆಯದ್ದು ಉಂಟಾ?" ಎಂದರು ಮಾವ. ಅದನ್ನೇ ಅವರು ಮಗಳಿಗೂ ಹೇಳಿದ್ದರಂತೆ. ನಾನೂ ಸುಮಾರು ಅದನ್ನೇ ಹೇಳಿದ್ದೆ.

ಆ ಒಂದು ಒಪ್ಪಿಗೆಯ ಮೇಲೆ ಮೂರನೆಯ ದಿನ ಚೌಕಾಶಿ ಶುರುವಾಯಿತು. ಹಳೇ ಬಸ್ಸಿನ ವ್ಯಾಪಾರ ಕುದುರಿಸಿ ಪಳಗಿದ ಮನುಷ್ಯ! ವರ್ಷ ಪೂರ್ತಿ ಊರಲ್ಲಿರಲಿ ಎಂದರು. ಎರಡು ತಿಂಗಳು ಸಾಕು ಎಂದೆ. ನವರಾತ್ರಿ, ದೀಪಾವಳಿ, ನಾದಿನಿಯ ಹೆರಿಗೆ ಎಂದು ಒಂದೊಂದನ್ನೇ ಮುಂದಿಟ್ಟರು. ನನ್ನ ಊಟ, ಜನ ಏನಂದಾರು, ಅವಳ ವೀಸಾ ಎಂದು ನಾನು ತೆಗೆದೆ. ಗುಡ್ಡ ಹತ್ತುವಾಗ ಅವರಿಗೆ ಉಬ್ಬಸ ಬಂದು ಬಿಗಿ ಸಡಿಲಾಯಿತು, ಇಳಿಯುವಾಗ ನನ್ನ ಮಂಡಿ ನೋವಿಗೆ ನಾನೂ ಸ್ವಲ್ಪ ಸಡಿಲಾದೆ. ಕೊನೆಗೆ ಆರು ತಿಂಗಳಿಗೆ ಇಬ್ಬರೂ ನಿಂತೆವು. ಆರು ತಿಂಗಳು ಅಪ್ಪನ ಮನೆ, ಆಮೇಲೆ ನಾನೇ ಹೋಗಿ ಗೌರವದಿಂದ ಕರೆದುಕೊಂಡು ಬರಬೇಕು, ಮ್ಯೂನಿಕ್ ಸುದ್ದಿ ಇನ್ನು ಯಾರೂ ಎತ್ತಬಾರದು. "ಅವಳಿಗೆ ಆಮೇಲೆ ಹೇಳಿದರಾಯ್ತು" ಎಂದರು. ಆಯ್ತು ಎಂದೆ.

ಗಡಿ ಎಂದರೆ ಒಂದು ಬೋರ್ಡು ಅಷ್ಟೇ. ಫ್ರಾನ್ಸಿನ ಕಡೆ ಕಾಲಿಟ್ಟಾಗ ಮಾವ, "ಇಷ್ಟೇಯಾ ಫ್ರಾನ್ಸ್?" ಎಂದು ನಕ್ಕರು. ನಾನೂ ನಕ್ಕೆ. ಊರಿನ ಕಾಲುವೆಯ ಪಕ್ಕದ ಹೋಟೆಲಿನಲ್ಲಿ ಕೂತು ಕಾಫಿ ಹೇಳಿದೆವು. ಅವರ ಸಿಟ್ಟೂ ಇಳಿದಿತ್ತು, ನನ್ನದೂ. ಅಳಿಯಂದಿರಿಗೆ ಸಕ್ಕರೆ ಎಷ್ಟು ಎಂದು ಅವರೇ ಕೇಳಿ ಹಾಕಿಕೊಟ್ಟರು. ಗೆದ್ದೆ ಎಂದೇ ನನಗೆ ಅನಿಸಿತ್ತು. ಅವರಿಗೂ ಹಾಗೇ ಅನಿಸಿರಬೇಕು.

"ಈಗ ಹೇಳುವ ಅವಳಿಗೆ" ಎಂದು ಮಾವ ಫೋನ್ ತೆಗೆದು, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಅವಳು ಕೂಡಲೇ ಎತ್ತಿದಳು. ಅವರು ಗಂಟಲು ಸರಿಮಾಡಿಕೊಂಡು ಸಭೆಯಲ್ಲಿ ಓದುವ ಹಾಗೆ ತೀರ್ಮಾನವನ್ನು ಒಪ್ಪಿಸಿದರು. ಆರು ತಿಂಗಳು, ಆಮೇಲೆ ಗೌರವದಿಂದ, ಎಲ್ಲ.

"ಆಯ್ತಾ ಅಪ್ಪ?" ಎಂದಳು.

"ಆಯ್ತು. ಇವರೂ ಒಪ್ಪಿದ್ದಾರೆ."

"ನಾನು ಮ್ಯೂನಿಕ್‌ನಲ್ಲಿದ್ದೇನೆ. ನೀವು ಹೊರಟ ದಿನವೇ ಮಧ್ಯಾಹ್ನದ ಟ್ರೈನಿಗೆ ಬಂದೆ. ಇವತ್ತು ಕೆಲಸಕ್ಕೆ ಸೇರಿದೆ."

ಮಾವ ನನ್ನ ಮುಖ ನೋಡಿದರು. "ಯಾರನ್ನ ಕೇಳಿ ಹೋದೆ?" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಮೇಜಿನವರೆಲ್ಲ ತಿರುಗಿದರು.

"ನೀವಿಬ್ರೂ ಯಾರನ್ನು ಕೇಳಿದ್ದು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಅಪ್ಪನನ್ನೂ ನಿನ್ನನ್ನೂ ಒಟ್ಟಿಗೆ ಕಳಿಸಿದ್ದು ಯಾಕೆ ಗೊತ್ತುಂಟಾ? ದಾರಿಯಲ್ಲಿ ಜಗಳ ಮಾಡಿ ಸುಸ್ತಾದ ಮೇಲಾದರೂ, ಇಬ್ಬರಲ್ಲಿ ಒಬ್ಬರು ನಂಗೆ ಫೋನ್ ಮಾಡಿ 'ನಿಂಗೆ ಎಂತ ಬೇಕು' ಅಂತ ಕೇಳ್ತೀರಿ ಅಂದ್ಕೊಂಡಿದ್ದೆ. ಟ್ರೈನಿನಲ್ಲಿ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ. ಕೇಳಿದ್ರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬರ್ತಿದ್ದೆ. ಸತ್ಯವಾಗ್ಲೂ ಬರ್ತಿದ್ದೆ. ಮೂರು ದಿನದಲ್ಲಿ ಇದು ನಿಮ್ಮ ಮೊದಲನೇ ಫೋನು."

ಮಾವ ಫೋನನ್ನು ನನ್ನ ಕಡೆ ತಳ್ಳಿದರು. ನಾನು ಮೇಜಿನ ಮೇಲೆ ಬಗ್ಗಿದೆ.

"ಈಗ ಕೇಳ್ತಿದ್ದೀನಿ ಕಣೇ. ಹೇಳು, ನಿನಗೇನು ಬೇಕು?"

"ಈಗ ಎಂತದೂ ಬೇಡ" ಎಂದಳು. ಅಪ್ಪನಿಗೆ ಬಿ.ಪಿ. ಮಾತ್ರೆ ಸೂಟ್‌ಕೇಸಿನ ಬಲಬದಿಯ ಜೇಬಿನಲ್ಲಿದೆ, ಮರೆಯದೆ ಕೊಡು ಎಂದು ನನಗೆ ಹೇಳಿ ಫೋನ್ ಇಟ್ಟಳು.