ಬಳ್ಳಾರಿ ಗುಡ್ಡದಿಂದ ತವರು ನೋಡಿದ್ದು

ಮೊನ್ನೆ ಸಿರುಗುಪ್ಪದಲ್ಲಿ ಕುರುಗೋಡಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಮುಂದಿನ ಸೀಟಿನ ಹೆಣ್ಣುಮಗಳು ಬುತ್ತಿಯ ಗಂಟು ಬಿಚ್ಚಿದಳು. ಪುಂಡಿಸೊಪ್ಪಿನ ಪಲ್ಯದ ಹುಳಿ ವಾಸನೆ, ಅದರ ಬೆನ್ನಿಗೇ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ, ಬಸ್ಸಿನ ಡೀಸೆಲ್ ವಾಸನೆಯನ್ನು ಪಕ್ಕಕ್ಕೆ ಸರಿಸಿ ಮೂಗಿಗೆ ಬಂತು. ಡಾಕ್ಟರು ನನಗೆ ಹುಳಿ, ಖಾರ ಎರಡನ್ನೂ ಬಿಡಿಸಿದ್ದಾರೆ. ವಾಸನೆ ನೋಡಬೇಡ ಎಂದು ಮಾತ್ರ ಇನ್ನೂ ಹೇಳಿಲ್ಲ. ಕಣ್ಣು ಮುಚ್ಚಿ ಆಸೆ ತೀರುವಷ್ಟು ಎಳೆದುಕೊಂಡೆ. ನಮ್ಮ ಚಿಗವ್ವ ಹಂಪಮ್ಮ ಪಕ್ಕದಲ್ಲಿ ಬಂದು ಕೂತ ಹಾಗಾಯಿತು.

ಚಿಗವ್ವ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಕುರುಗೋಡಿನಲ್ಲಿ ಹುಟ್ಟಿ, ಕರೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಅವಳ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವಳ ತಮ್ಮನ ಆಸೆ. ನಮ್ಮ ಕಡೆ ಇಂಥ ಸಂಬಂಧಗಳು ತೊಟ್ಟಿಲಲ್ಲೇ ಗಟ್ಟಿಯಾಗಿಬಿಡುತ್ತವೆ, ನಿಮಗೂ ಗೊತ್ತು. ಆದರೆ ಹುಡುಗಿ, ಜೊತೆಗೆ ಆಡಿ ಬೆಳೆದವನನ್ನು ಗಂಡ ಅನ್ನಲಾರೆ ಎಂದು ಹಟ ಹಿಡಿದಳು. ಚಿಗವ್ವ ಮಗಳ ಮಾತು ಕೇಳಿ ಅವಳನ್ನು ಮೋಕ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಳು. ಆ ವರ್ಷದಿಂದ ಅವಳ ತಮ್ಮ, ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬರುವುದನ್ನು ಬಿಟ್ಟ.

ಹೊರಗಿನವರಿಗೆ ಇದು ಸಣ್ಣ ಮಾತು. ಆದರೆ ಕರೆಯದೆ ತವರಿಗೆ ಹೋಗಬಾರದು ಎಂಬ ರೀತಿಯಲ್ಲಿ ಬೆಳೆದವಳಿಗೆ ಊರಿನ ಬಾಗಿಲೇ ಮುಚ್ಚಿದಂತೆ. ಅವಳ ತಾಯಿ ಆ ಮನೆಯಲ್ಲೇ ಇದ್ದಳು. ಮುದುಕಿಯ ಕಣ್ಣು ಮಸಕಾಗುತ್ತಿದೆ, ನನ್ನ ಮಗಳು ಹಂಪಿ ಯಾಕೆ ಬರಲಿಲ್ಲ ಎಂದು ದಿನಾ ಕೇಳುತ್ತಾಳೆ ಎಂದು ಬಂದವರು ಹೋದವರು ಹೇಳುತ್ತಿದ್ದರು.

"ಹೋಗಿ ಬಾರ, ಯಾರು ಬ್ಯಾಡ ಅಂದಾರ?" ಎಂದು ಅವಳ ಗಂಡ, ನಮ್ಮ ಕಾಕ, ಹೇಳಿ ನೋಡಿದ.

"ಕರಿಯದ ಮನಿಗೆ ಹೆಂಗ ಹೋಗಲಿ? ಅವ್ವನ ಮುಂದ ತಮ್ಮ ಮಾರಿ ತಿರುವಿದ್ರ, ಅದನ್ನ ಆಕಿ ನೋಡಬೇಕಲ್ಲ" ಎಂದಳು ಚಿಗವ್ವ.

ಎಪ್ಪತ್ತರ ದಶಕದ ಮಾತು. ನಾನು ಒಂದು ವಿಷಯದಲ್ಲಿ ನಪಾಸಾಗಿ, ಮತ್ತೆ ಪರೀಕ್ಷೆ ಬರೆದು, ಫಲಿತಾಂಶ ಕಾಯುತ್ತಿದ್ದೆ. ಅಂದರೆ ಇಡೀ ಮನೆಯಲ್ಲಿ ನನ್ನಷ್ಟು ಪುರುಸೊತ್ತಿನ ಗಂಡಸು ಇನ್ನೊಬ್ಬನಿರಲಿಲ್ಲ. ಒಂದು ದಿನ ಬಡಾಯಿ ಕೊಚ್ಚುತ್ತ, ಮಳೆ ಬಂದು ಬಿಟ್ಟ ಮರುದಿನ ಬಳ್ಳಾರಿ ಕೋಟೆ ಗುಡ್ಡ ಹತ್ತಿದರೆ ಕುರುಗೋಡಿನ ಗುಡ್ಡ ಕಾಣುತ್ತದೆ ಎಂದೆ. ಅಕ್ಕಿ ಹಸನು ಮಾಡುತ್ತಿದ್ದ ಚಿಗವ್ವನ ಕೈ ನಿಂತಿತು.

"ಖರೇನ?"

"ಖರೇ."

"ದೂರದಿಂದ ನೋಡಾಕ ಯಾರೂ ಕರಿಬೇಕಾಗಿಲ್ಲ. ಮಳಿ ಬಂದ ಮರುದಿನ ನಡಿ ಹೋಗೂಣು" ಎಂದಳು.

ಕಾರ್ತೀಕದಲ್ಲಿ ಒಂದು ಮಳೆ ಬಂತು. ಮರುದಿನ ನಸುಕಿನಲ್ಲೇ ಹೊರಟೆವು. ಟಿಕೀಟು ಬಿಟ್ಟರೆ ಬೇರೆ ಏನಕ್ಕೂ ದುಡ್ಡು ಬಿಚ್ಚಬಾರದು ಎಂಬುದು ಚಿಗವ್ವನ ಪ್ರವಾಸದ ನಿಯಮ. ರೊಟ್ಟಿ, ಪುಂಡಿಪಲ್ಯ, ತಂಬಿಗೆ ತುಂಬ ನೀರು, ಕೂರಲು ಹಳೆಯ ಚಾದರ, ಎಲ್ಲ ಚೀಲದಲ್ಲಿತ್ತು. ಚೀಲ ನನ್ನ ಹೆಗಲಲ್ಲಿತ್ತು.

ಸಿರುಗುಪ್ಪದಲ್ಲಿ ಇಳಿದಾಗ ಬಳ್ಳಾರಿ ಬಸ್ಸಿನ ಪಕ್ಕದಲ್ಲೇ ಕುರುಗೋಡಿನ ಬಸ್ಸು ನಿಂತಿತ್ತು. ಅದನ್ನು ಹತ್ತಿದ್ದರೆ ಮಧ್ಯಾಹ್ನದೊಳಗೆ ತಾಯಿಯ ಮಡಿಲು. ಕಂಡಕ್ಟರು "ಕುರುಗೋಡ, ಕುರುಗೋಡ" ಎಂದು ಕೂಗುತ್ತಲೇ ಇದ್ದ. ಚಿಗವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಳ್ಳಾರಿ ಬಸ್ಸು ಹತ್ತಿದಳು. ಹತ್ತಿರದ ಊರನ್ನು ದೂರದಿಂದ ನೋಡಲು ಅದಕ್ಕಿಂತ ದೂರದ ಊರಿಗೆ ಹೋಗುತ್ತಿದ್ದ ನಮ್ಮ ಜಾಣತನಕ್ಕೆ ನನಗೆ ಈಗಲೂ ನಗು ಬರುತ್ತದೆ.

ಬಳ್ಳಾರಿಯಲ್ಲಿ ಜಟಕಾದವರು ಕರೆದರೂ ಅವಳು ತಿರುಗಿ ನೋಡಲಿಲ್ಲ. ಗುಡ್ಡದ ಬುಡದವರೆಗೂ ನಡೆದೆವು. ಆಮೇಲೆ ಮೆಟ್ಟಿಲು, ಬರೀ ಬಂಡೆ, ಮತ್ತೆ ಮೆಟ್ಟಿಲು. ನಾನು ಏದುಸಿರು ಬಿಡುತ್ತ ಅಲ್ಲಲ್ಲಿ ಕೋಟೆಯ ಇತಿಹಾಸ ನೆನಪಾದವನಂತೆ ನಿಲ್ಲುತ್ತಿದ್ದೆ. ಅವಳು ಎಲ್ಲೂ ನಿಲ್ಲಲಿಲ್ಲ.

ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಊರು, ಆಚೆ ಹೊಲಗಳು, ಅಂಚಿನಲ್ಲಿ ನೀಲಿಯಾಗಿ ಗುಡ್ಡಗಳು. ಚಿಗವ್ವ ಒಂದು ಸುತ್ತು ನೋಡಿ ಒಂದು ಕಡೆ ಕೈ ಮಾಡಿದಳು. "ಅಗೋ, ಅದ ಅಲ್ಲೇನು?" ನಾನು ಎಲ್ಲ ಬಲ್ಲವನಂತೆ ತಲೆಯಾಡಿಸಿದೆ.

"ಅದರ ಬುಡಕ ದೊಡ್ಡಬಸಪ್ಪನ ಗುಡಿ. ಹಿಂದಿನ ಓಣಿಯಾಗ ನಮ್ಮ ಮನಿ" ಎಂದು ಹೇಳುತ್ತ ಕೈ ಮುಗಿದಳು. ಆಮೇಲೆ ನಾನಿರುವುದನ್ನೂ ಮರೆತು, "ಯವ್ವಾ, ಅರಾಮದಿಯೇನ? ನಾ ಮರತಿಲ್ಲಬೇ" ಎಂದಳು. ಕಣ್ಣೀರು ಗಲ್ಲಕ್ಕಿಳಿದಿತ್ತು.

ಹತ್ತಿರದಲ್ಲೇ ಹೆಂಡತಿ ಮಕ್ಕಳೊಡನೆ ಕೂತಿದ್ದ ಒಬ್ಬರು ಸಂಕೋಚದಿಂದ ಎದ್ದು ಬಂದರು. "ಅಕ್ಕಾರ, ಯಾವ ಊರು ನೋಡಾಕತ್ತೀರಿ?"

"ಕುರುಗೋಡರಿ. ನನ್ನ ತವರಮನಿ."

ಅವರು ಅವಳು ಕೈ ಮುಗಿದ ದಿಕ್ಕನ್ನು ನೋಡಿದರು. "ಅದು ಸಂಡೂರ ಕಡಿ ಗುಡ್ಡರಿ. ಕುರುಗೋಡು ಇತ್ತಾಗ ಐತಿ. ನಮ್ಮೂರೂ ಅದ" ಎಂದು ಮೆಲ್ಲಗೆ ಬೇರೆ ದಿಕ್ಕಿಗೆ ಕೈ ತೋರಿಸಿದರು.

ನಾನು ನನ್ನ ಚಪ್ಪಲಿ ನೋಡಿಕೊಂಡೆ. ಚಿಗವ್ವ ಆ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. "ಹುಟ್ಟಿದ ಊರಿನ ಗುರುತು ಸೈತ ಹತ್ತಲಿಲ್ಲ ನನಗ" ಎಂದಳು.

"ಮನಿ ಮುಂದ ನಿಂತು ನೋಡಿದ ಗುಡ್ಡ ಅಕ್ಕಾ, ಇಲ್ಲಿಂದ ಬ್ಯಾರೇನ ಕಾಣತೈತಿ. ಮೊದಲ ಸಲ ನನಗೂ ತಿಳಿಲಿಲ್ಲ" ಎಂದರು ಅವರು. ಆ ಮಾತು ನಿಜವೋ, ಸಮಾಧಾನಕ್ಕೆ ಹೇಳಿದ್ದೋ ನಾನು ಇವತ್ತಿಗೂ ಕೇಳಿಲ್ಲ.

ಎರಡೂ ಬುತ್ತಿ ಒಟ್ಟಿಗೆ ಬಿಚ್ಚಿದೆವು. ರೊಟ್ಟಿ ಮುರಿಯುತ್ತ ಚಿಗವ್ವ ಎಲ್ಲ ಹೇಳಿಬಿಟ್ಟಳು. ಅವರಿಗೆ ಕುರುಗೋಡಿನ ಬಜಾರಿನಲ್ಲಿ ಜವಳಿ ಅಂಗಡಿ, ಅವಳ ತಮ್ಮನ ಪರಿಚಯವೂ ಇತ್ತು. ಉಂಡು ಕೈ ತೊಳೆದ ಮೇಲೆ ಅವರೆಂದರು, "ಅಕ್ಕಾ, ನಾ ಕರೀತೀನಿ. ಬರ್ರಿ."

"ನೀವು ಹೆಂಗ ಕರೀತೀರಿ?"

"ತವರೂರಾಗ ಹುಟ್ಟಿದವರೆಲ್ಲ ಅಣ್ಣತಮ್ಮರ ಅಲ್ಲೇನು? ಒಬ್ಬ ತಮ್ಮ ಬರಲಿಲ್ಲ, ಇನ್ನೊಬ್ಬ ಕರಿಯಾಕ ಬಂದಾನ ಅನ್ಕೋರಿ. ಅವ ಮಾರಿ ತಿರುವಿದ್ರ ನಮ್ಮ ಮನಿ ಐತಿ. ಅವ್ವನ್ನ ಅಲ್ಲಿಗೇ ಕರಕೊಂಡು ಬರತೀನಿ."

ಚಿಗವ್ವ ತಕರಾರು ತೆಗೆಯಲು ಏನಾದರೂ ಸಿಗುತ್ತದೆಯೇ ಎಂದು ಯೋಚಿಸುತ್ತ ಕೂತಳು. ಸಿಗಲಿಲ್ಲ. ಊರಿನವರೆಲ್ಲ ಅಣ್ಣತಮ್ಮಂದಿರು ಎನ್ನುವುದೂ ಅವಳು ನಂಬಿ ಬಂದ ರೀತಿಯೇ. ಚಾದರ ಕೊಡವಿ ಮಡಚಿದಳು.

ಬಳ್ಳಾರಿಯಿಂದ ಎಲ್ಲರೂ ಕುರುಗೋಡಿನ ಬಸ್ಸು ಹತ್ತಿದೆವು. ಚಿಗವ್ವನ ತವರುಮನೆಯ ಮುಂದೆ ನಿಂತು ಜವಳಿಯವರು ಕೂಗಿದರು. "ಅಕ್ಕನ್ನ ಕರಕೊಂಡು ಬಂದೀನಿ. ಕಾಲಿಗೆ ನೀರು ತರ್ರಿ."

ತಮ್ಮ ಹೊರಗೆ ಬಂದ. ಅಕ್ಕನನ್ನು ನೋಡಿದ. ತಿರುಗಿ ಒಳಗೆ ಹೋದ. ಚಿಗವ್ವ ಮೆಟ್ಟಿಲ ಕೆಳಗೆ ಸೆರಗಿನ ತುದಿ ಹಿಡಿದು ನಿಂತೇ ಇದ್ದಳು.

ಅವನು ನೀರಿನ ಚೊಂಬು ಹಿಡಿದು ಬಂದ. ಹೆಂಗಸರು ಮಾಡುವ ಕೆಲಸ ಅದು. ತಲೆ ಎತ್ತದೆ ತಾನೇ ಅವಳ ಕಾಲ ಮೇಲೆ ನೀರು ಸುರಿದು, "ದಾರಿ ಭಾಳ ಆತೇನಕ್ಕ?" ಎಂದ.

"ಹೂನಪಾ, ಬಳ್ಳಾರಿ ಸುತ್ತಿ ಬಂದೆ" ಎಂದಳು ಚಿಗವ್ವ. ಒಳಗೆ ಮುದುಕಿ ಅವಳ ಮುಖವನ್ನು ಎರಡೂ ಕೈಯಿಂದ ತಡವುತ್ತಿದ್ದದ್ದನ್ನು ನೋಡಲಾರದೆ ನಾನು ಕಟ್ಟೆಗೆ ಬಂದು ಕೂತೆ.

ಆಮೇಲೆ ಜವಳಿಯವರು ನಮ್ಮ ಮನೆಯಲ್ಲಿ 'ಗುಡ್ಡದ ತಮ್ಮ' ಆದರು. ಪಂಚಮಿಯ ಉಂಡಿ ಕುರುಗೋಡಿನ ಎರಡು ಮನೆಗಳಿಗೆ ಹೋಗುತ್ತಿತ್ತು. ಈಗ ಚಿಗವ್ವ ಇಲ್ಲ, ಅವಳ ತಮ್ಮನೂ ಇಲ್ಲ. ಮೊನ್ನೆ ನಾನು ಹೊರಟಿದ್ದು ಜವಳಿಯವರ ಮೊಮ್ಮಗಳ ಮದುವೆಗೆ. ಅವರ ಮಗ ಕರೂರಿಗೆ ಬಂದು ಕರೆದು ಹೋಗಿದ್ದ. ಮೊಣಕಾಲಿನ ನೆಪ ಹೇಳಿ, ಅಕ್ಷತೆ ಹಾಕಿ ಮುಂದಿನ ಬಸ್ಸಿಗೇ ವಾಪಸಾಗುವ ಲೆಕ್ಕದಲ್ಲಿದ್ದೆ. ಬಸ್ಸು ಕುರುಗೋಡು ಮುಟ್ಟುವ ಹೊತ್ತಿಗೆ ಆ ಯೋಚನೆಯೇ ನನಗೆ ಹಿಡಿಸದಾಯಿತು.

ಜವಳಿಯವರು ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಮರೆವು ಹೆಚ್ಚಾಗಿದೆ. ಮಗ ಕಿವಿಯ ಹತ್ತಿರ ಬಾಗಿ, "ಕರೂರು ಹಂಪಮ್ಮತ್ತಿ ಮನಿಯವರು" ಎಂದ. ಅವರು ನನ್ನ ಕೈ ಹಿಡಿದು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಅಕ್ಕ ಬರಲಿಲ್ಲೇನು? ನಾನ ಹೋಗಿ ಕರಿಬೇಕಿತ್ತು."

ನಾನು ಅವರ ಕೈ ಬಿಡದೆ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದೆ, "ನೀವು ಅವತ್ತ ಕರದದ್ದ ಇನ್ನೂ ನಡದೈತ್ರಿ. ಅದಕ್ಕ ನಾ ಬಂದೀನಿ."