ಅಣ್ಣ ಸಾಯುವ ಮುಂಚೆ ಏಳುತ್ತಿದ್ದೆವು

ನೀಲಗಿರಿ ಸೊಪ್ಪು ಉರಿದ ಹೊಗೆಯ ವಾಸನೆ ಬಂದರೆ ನನಗೆ ಈಗಲೂ ಸಿನಿಮಾ ನೆನಪಾಗುತ್ತದೆ. ಡೆಂಕಣಿಕೋಟೆ ಪಕ್ಕದ ನಮ್ಮ ಮನೆ ಈಗಿಲ್ಲ. ಆ ಮನೆಯ ಬಚ್ಚಲ ಹಂಡೆಗೆ ಉರಿ ಹಾಕಿಟ್ಟೇ ಅವ್ವ ನನ್ನನ್ನು ಟೆಂಟ್ ಸಿನಿಮಾಕ್ಕೆ ಕರೆದೊಯ್ಯುತ್ತಿದ್ದಳು. ಯಾಕೆಂದರೆ ಅಲ್ಲಿ ತೆರೆಯ ಮೇಲೆ ನಮ್ಮಣ್ಣ ಸಾಯುತ್ತಿದ್ದ. ನನಗಿಂತ ಬಹಳ ದೊಡ್ಡವನು, ಮದ್ರಾಸಿಗೆ ಹೋಗಿ ನಟನಾದವನು. ನಾಯಕನ ಅಪ್ಪ, ಶಾಲೆಯ ಜವಾನ, ಗಿರಣಿಯ ಕಾವಲುಗಾರ, ಇಂಥವೇ ಪಾತ್ರಗಳು. ತಮಿಳು, ತೆಲುಗು, ಕನ್ನಡ ಮೂರೂ ಬರುತ್ತಿದ್ದುದರಿಂದ ಮೂರರಲ್ಲೂ ಸಾಯುತ್ತಿದ್ದ. ಹೆತ್ತ ಮಗ ಸತ್ತದ್ದನ್ನು ಕಣ್ಣಾರೆ ಕಂಡು, ತಲೆಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟಲು ಅವ್ವನಿಗೆ ಆಗುತ್ತಿರಲಿಲ್ಲ. ಹಬ್ಬಕ್ಕೆ ಊರಿಗೆ ಬಂದ ಅಣ್ಣನನ್ನೂ ಮೊದಲು ಬಚ್ಚಲಿಗೇ ಅಟ್ಟುತ್ತಿದ್ದಳು. "ಸತ್ತೋನೂ ಸ್ನಾನ ಮಾಡ್ಬೇಕೇನವ್ವಾ?" ಎಂದು ಅವನು ಕೇಳಿದರೆ, "ಬಾಯ್ ಮುಚ್ಕೊಂಡು ಹುಯ್ಕೊಳ್ಲಾ" ಎನ್ನುತ್ತಿದ್ದಳು. ಅವನು ತಲೆ ಒರೆಸಿಕೊಂಡು ಬಂದ ಮೇಲೆ ಕೆನ್ನೆ ಸವರಿ ನೆಟಿಗೆ ಮುರಿಯುತ್ತಿದ್ದಳು. ಕುಡುಗೋಲು ತಾಗಿ ಎಡಗೈ ಬೆರಳುಗಳು ಸೊಟ್ಟಗಾಗಿದ್ದರಿಂದ ಬಲಗೈ ಒಂದನ್ನೇ ಕಣತಲೆಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ಚಳಿಗಾಲದಲ್ಲಿ ಆ ಸ್ನಾನದಿಂದ ನನಗೆ ಜ್ವರ ಹತ್ತಿತು. ಆಗ ಅವ್ವ ಬೇರೆ ದಾರಿ ಕಂಡುಕೊಂಡಳು. ಸಾವು ನೋಡಿದರೆ ತಾನೇ ಮೈಲಿಗೆ? ತೆರೆಯ ಮೇಲೆ ಅಣ್ಣ ಕೆಮ್ಮತೊಡಗಿದ ಕೂಡಲೇ ನಾವು ಎದ್ದುಬಿಡುತ್ತಿದ್ದೆವು. ಬಾಗಿಲು ಕಾಯುವವನು, "ಏನಕ್ಕಾ, ಇವತ್ತೂ ಮಗನ್ನ ಉಳಿಸ್ಕೊಂಡು ಹೊಂಟ್ಯಾ?" ಎಂದು ಕೆಣಕುತ್ತಿದ್ದ. "ಹೂಂ ಕಣಪ್ಪ, ನಮ್ಮನೇಲಿ ಯಾರೂ ಸತ್ತಿಲ್ಲ" ಎಂದು ಅವ್ವ ಸೆರಗು ಕೊಡವಿಕೊಂಡು ನಡೆಯುತ್ತಿದ್ದಳು.

ಅವ್ವ ಹೋದ ಮೇಲೂ ನಾನು ಹಾಗೇ ಎದ್ದು ಬರುತ್ತಿದ್ದೆ. ನಾನು ಹೆಚ್ಚು ಓದಿದವಳಲ್ಲ. ಆದರೂ ನಟನೊಬ್ಬನ ಕೆಲಸ ಎಲ್ಲಿರುತ್ತದೆ ಎಂದು ತಿಳಿಯಲು ಓದು ಬೇಕಿರಲಿಲ್ಲ. ಅಣ್ಣನ ಕೆಲಸವೆಲ್ಲ ನಾನು ಬಿಟ್ಟು ಬರುತ್ತಿದ್ದ ಆ ಕೊನೆಯಲ್ಲೇ ಇತ್ತು. ಒಮ್ಮೆ ಅವನು ನಮ್ಮ ಜಗಲಿಯ ಮೇಲೆ ಕೂತು, "ಕೊನೇಲಿ ಆ ಚೊಂಬು ಹಿಡ್ಕೊಂಡು ಅಳ್ತೀನಲ್ಲ, ಹೆಂಗಿತ್ತಮ್ಮಾ?" ಎಂದ. ಚೆನ್ನಾಗಿತ್ತಣ್ಣ ಎಂದೆ. ಅವನು ನಕ್ಕ. "ಅದ್ರಲ್ಲಿ ಚೊಂಬೇ ಇಲ್ಲ ಕಣಮ್ಮ." ಆಮೇಲೆ ತನ್ನ ಯಾವ ಸಿನಿಮಾದ ಬಗ್ಗೆಯೂ ನನ್ನನ್ನು ಕೇಳಲಿಲ್ಲ.

ಹೊಸೂರಿನ ಆಸ್ಪತ್ರೆಯಲ್ಲಿ ಅವನಿಗೆ ಕೆಮ್ಮು ಹತ್ತಿದಾಗ ನನ್ನ ಮೈ ತಾನಾಗಿ ಎದ್ದಿತು. ಬಿಸಿನೀರು ತರುತ್ತೇನೆ ಎಂದು ಫ್ಲಾಸ್ಕ್ ಎತ್ತಿಕೊಂಡೆ. "ಈ ಸಲ ಕೂತ್ಕೋಮ್ಮ" ಎಂದ. ಈಗ ಬಂದೆ ಎಂದು ಹೊರಟೆ. ಫ್ಲಾಸ್ಕಿನಲ್ಲಿ ನೀರಿತ್ತು, ಅದು ನನಗೆ ಗೊತ್ತಿತ್ತು. ವಾಪಸು ಬರುವಷ್ಟರಲ್ಲಿ ಅವನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಅವನ ಸಿನಿಮಾಗಳಲ್ಲಿ ಯಾವುದು ಶ್ರೇಷ್ಠ ಎಂದು ಬಲ್ಲವರು ಬರೆದಿದ್ದಾರಂತೆ. ಒಬ್ಬರಿಗೆ ಜವಾನನ ಪಾತ್ರ, ಇನ್ನೊಬ್ಬರಿಗೆ ಕಾವಲುಗಾರನದು. ಬರೆಯಲಿ. ನಾನು ಒಪ್ಪುವುದಿಲ್ಲ. ಹೋದ ವಾರ ಮತ್ತಿಗಿರಿಯ ಈ ಮನೆಯಲ್ಲಿ, ಅವನು ಮಗಳನ್ನು ಮದುವೆ ಮಾಡಿ ಕಳಿಸುವ ಮುದುಕನಾದ ಸಿನಿಮಾ ಟೀವಿಯಲ್ಲಿ ಬಂತು. ಮುದುಕ ಕೆಮ್ಮಿದ. ಏಳಲೆಂದು ನನ್ನ ಕಾಲು ನೆಲಕ್ಕೆ ಊರಿತು. ಕುರ್ಚಿಯ ಕೈ ಹಿಡಿದು ಕೂತೆ. ಮಂಚದ ಬಳಿ ಬಾಗಿದ ಮಗಳ ಕೆನ್ನೆಯನ್ನು ಅವನು ಸವರಿದ. ಎಡಗೈಯನ್ನು ಹೊದಿಕೆಯೊಳಗೇ ಬಿಟ್ಟು, ಬಲಗೈ ಒಂದನ್ನೇ ಎತ್ತಿ ಕಣತಲೆಗೆ ಒತ್ತಿಕೊಂಡ. ನೆಟಿಗೆ ಮುರಿದ ಸದ್ದೂ ಕೇಳಿಸಿತು. ಅವ್ವನನ್ನು ಅವನು ಅಲ್ಲಿ ಇಟ್ಟಿದ್ದ. ಅವ್ವ ಅದನ್ನು ನೋಡಲಿಲ್ಲ. ಇಷ್ಟು ವರ್ಷ ನಾನೂ ನೋಡಲಿಲ್ಲ.

ನಮ್ಮ ಮನೆಯ ಪದ್ಧತಿ ಬಲ್ಲ ಸೊಸೆ ಒಳಗಿಂದ, "ಅತ್ತೆ, ಗೀಸರ್ ಹಾಕಿದೀನಿ" ಎಂದಳು. ಆರಿಸಮ್ಮ ಎಂದೆ. ಹಾಗಂದರೆ ಹೇಗೆ, ಸಾವು ನೋಡಿದಿರಲ್ಲ ಎಂದು ಬಾಗಿಲಿಗೆ ಬಂದಳು. ನೋಡಿದೆ, ಅದಕ್ಕೇ ಎಂದೆ. ನಮ್ಮಣ್ಣನ ಕೆಲಸ ನನಗೆ ಮೈಲಿಗೆಯಲ್ಲ. ಯಾರು ಏನಾದರೂ ಅಂದುಕೊಳ್ಳಲಿ. ಸಿನಿಮಾದ ಕೊನೆಗೆ ಬರುವ ಹೆಸರುಗಳು ಮುಗಿಯುವವರೆಗೂ ಕೂತಿದ್ದು, ಒಣ ತಲೆಯಲ್ಲೇ ಊಟಕ್ಕೆ ಎದ್ದೆ.