ಕಂದು ಬೆರಳಿನ ಇಮಾಮಸಾಬ

ಇಮಾಮಸಾಬರು ಎದುರಿಗೆ ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ನಮಸ್ಕಾರಕ್ಕೆ ಜೋಡಿಸಿದ ಕೈಗಳನ್ನೂ ಬಿಡಿಸಿ, "ತೋರಸ್ರಿ" ಎಂದು ಉಗುರಿನ ಸಂದಿ ಪರೀಕ್ಷಿಸುತ್ತಿದ್ದರು. ಅವರ ಸ್ವಂತ ಬೆರಳುಗಳು ಮಾತ್ರ ತುದಿಯಿಂದ ಎರಡನೆಯ ಗೆಣ್ಣಿನವರೆಗೆ ಕಂದಾಗಿದ್ದವು. ಊರೂರಿನ ಬಾವಿಗಳಿಗೆ ಕೆಂಪು ಔಷಧ ಕಲಸಿ ಹತ್ತಿದ ಬಣ್ಣ ಅದು. ಆ ಹರಳು ನೀರಿಗೆ ಬಿದ್ದರೆ ಗುಲಾಬಿ, ಚರ್ಮಕ್ಕೆ ಹತ್ತಿದರೆ ಕಂದು. ತಿಕ್ಕಿ ತೊಳೆದರೂ ನಾಲ್ಕಾರು ದಿನ ಹೋಗದು.

"ನಮ್ಮ ಕೈ ನೋಡಾಂವ, ನಿನ್ನ ಕೈ ನೋಡ್ಕೋ ಮೊದಲ" ಎಂದು ಕಮಲಾಪುರದ ಬಾವಿಯ ಪಕ್ಕದ ಮನೆಯ ನಾಗಮ್ಮ ಅಂದಿದ್ದಳು.

"ನಿಕಾಕ್ಕ ಹಚ್ಚಿದ ಮದರಂಗಿ, ಯವ್ವಾ. ಹೆಂಡತಿ ಹೋದಳು, ಇದು ಹೋಗವಲ್ದು" ಎಂದು ಅವರು ಉತ್ತರ ಕೊಟ್ಟಿದ್ದರು. ಹೆಂಡತಿ ನಿಜವಾಗಿ ತೀರಿಕೊಂಡಿದ್ದಳು. ನಾಗಮ್ಮನಿಗೆ ಅದು ಗೊತ್ತಿರಲಿಲ್ಲ, ನಕ್ಕಳು. ಅವರೂ ನಕ್ಕರು.

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮರು ಬೇಸಿಗೆಯಲ್ಲಿ ನಾನು ಅವರ ಜೊತೆ ಸೇರಿದೆ. ಕಲಬುರಗಿಯ ಶಹಾಬಜಾರದ ಲಿಂಗಾಯತ ವ್ಯಾಪಾರಿಯ ಮಗ, ಇಂಟರ್ ಪಾಸಾಗಿದ್ದೆ. ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿದ್ದರಿಂದ ಆರೋಗ್ಯ ಖಾತೆಯವರು ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಯಾರಿಗೆ ಬೇನೆ, ಯಾವ ಮನೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಬಾವಿಗೆ ಔಷಧ ಹಾಕುವುದು ಅವರದು.

"ಬ್ಯಾನಿ ಯಾವಾಗ ಬಂತು ಅನ್ನೂದು ಆಮ್ಯಾಲ ಕೇಳ್ರಿ, ಕಾಲೇಜಿನವ್ರ. ಎಲ್ಲಿ ನೀರ ಕುಡದಾರ, ಅದು ಮೊದಲ ಕೇಳ್ರಿ" ಎಂದು ಅವರೇ ನನಗೆ ಬರೆಯುವುದನ್ನು ಕಲಿಸಿದರು. ಕಾಲೇಜಿನಲ್ಲಿ ನಾನು ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ನೀರಿನ ಜೀವಿಗಳನ್ನು ನೋಡಿ ಬಂದವನು. ಅವರು ನೋಡಿದವರಲ್ಲ. ಆದರೆ ನನ್ನ ಪಟ್ಟಿಯ ಮೇಲೆ ಬೆರಳಾಡಿಸಿ, "ಈ ಐದೂ ಮನಿ ಒಂದೇ ಬಾವಿ" ಎಂದು ಅವರು ಹೇಳಿದಾಗಲೇ ರೋಗ ನಡೆದು ಬಂದ ದಾರಿ ನನಗೆ ಕಂಡದ್ದು.

ಆ ವರ್ಷ ದಾರಿಗಳು ನೆಟ್ಟಗಿರಲಿಲ್ಲ. ರಜಾಕಾರರ ಕಾಲದಲ್ಲಿ ನಮ್ಮ ಮನೆಯವರು ಬಾಗಿಲು ಹಾಕಿಕೊಂಡು ಕೂತಿದ್ದರು. ಕಾರ್ಯಾಚರಣೆಯಾದ ಮೇಲೆ ಇಮಾಮಸಾಬರ ಓಣಿಯವರು ಕೂತರು. ಮಹಾಗಾಂವದ ಹತ್ತಿರ ಕೆಲವರು ನಮ್ಮ ಗಾಡಿ ನಿಲ್ಲಿಸಿ ಇಮಾಮಸಾಬರ ಹೆಸರು ಕೇಳಿದ್ದರು. "ಸರ್ಕಾರಿ ಔಷಧದವರು, ನನ್ನ ಜೊತೆ ಬಂದಾರ" ಎಂದೆ ನಾನು. ನನ್ನ ಹಣೆಯ ವಿಭೂತಿ ನೋಡಿ ಗಾಡಿ ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ಇಮಾಮಸಾಬರು, "ಛಲೋ ಮಾಡಿದ್ರಿ. ನನ್ನ ಹೆಸರಿಗಿಂತ ನನ್ನ ಕೆಲಸ ಹೇಳೂದು ಛಲೋ" ಎಂದರು.

ಅವರು ಕೆಲಸ ಮಾಡುವ ರೀತಿ ನಿಧಾನದ್ದು. ಸಂಜೆ ನೀರು ಸೇದುವುದು ನಿಂತ ಮೇಲೆ ಒಂದು ಕೊಡದಲ್ಲಿ ಔಷಧ ಕರಗಿಸಿ ಬಾವಿಗೆ ಸುರಿಯುವುದು. ಕೊಡವನ್ನೇ ಇಳಿಸಿ ಎತ್ತಿ ನೀರು ಕದಡುವುದು. ಅರ್ಧ ಗಂಟೆ ಕಾಯುವುದು. ನಂತರ ರುಮಾಲಿನಲ್ಲಿ ಸುತ್ತಿಟ್ಟ ಗಾಜಿನ ಲೋಟ ತೆಗೆದು, ಅದರಲ್ಲಿ ಬಾವಿಯ ನೀರು ಹಿಡಿದು ಆಕಾಶಕ್ಕೆ ಎತ್ತಿ ನೋಡುವುದು. ತೆಳು ಗುಲಾಬಿ ಉಳಿದಿದ್ದರೆ ಸಾಕು. ಬಣ್ಣ ಹಾರಿದ್ದರೆ ಇನ್ನಷ್ಟು. ಬೆಳಗಾಗುವಷ್ಟರಲ್ಲಿ ನೀರು ತಿಳಿಯಾಗಿರಬೇಕು. "ಮಂದಿ ನೀರ ಕುಡೀಲಿಲ್ಲ ಅಂದ್ರ ಔಷಧ ಹಾಕಿ ಏನ ಮಾಡೂದದ?" ಎನ್ನುತ್ತಿದ್ದರು.

ಕಮಲಾಪುರದಲ್ಲಿ ಒಂದೇ ದಿನ ಮೂವರು ಹೋದರು. ಇಮಾಮಸಾಬರು ಬೇನೆ ಬಿದ್ದವರ ಬಟ್ಟೆ ಸುಡಿಸುವುದಕ್ಕೆ ಓಣಿಗಳಲ್ಲಿ ತಿರುಗುತ್ತಿದ್ದರು. ಔಷಧದ ಪೊಟ್ಟಣಗಳನ್ನೂ ಲೋಟವನ್ನೂ ನನ್ನ ಕೈಗೆ ಕೊಟ್ಟು, "ಅರ್ಧ ಪೊಟ್ಟಣ. ಕಾಯ್ರಿ. ಲೋಟದಾಗ ನೋಡ್ರಿ" ಎಂದರು.

ನಾನು ಕಾಯಲಿಲ್ಲ. ಬಾವಿಯಲ್ಲಿ ಇಣುಕಿದರೆ ಕಾಲೇಜಿನಲ್ಲಿ ಕಂಡ ಆ ಜೀವಿಗಳೇ ಕಣ್ಣಿಗೆ ಕಟ್ಟಿದವು. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದುಕೊಂಡು ಎರಡು ಪೊಟ್ಟಣ ಪೂರ್ತಿ ಹಾಕಿದೆ. ಲೋಟವನ್ನು ರುಮಾಲಿನಿಂದ ತೆಗೆಯಲೇ ಇಲ್ಲ. ರಾತ್ರಿ ಇಮಾಮಸಾಬರು ಕೇಳಿದಾಗ, ಬಣ್ಣ ಸರಿ ಬಂದಿದೆ ಎಂದೆ.

ಬೆಳಗ್ಗೆ ಗದ್ದಲ ಕೇಳಿ ಓಡಿ ಬಂದೆವು. ನಾಗಮ್ಮನ ಕೊಡದ ತುಂಬ ಬದನೆಕಾಯಿ ಬಣ್ಣದ ನೀರು. ಬಾವಿಯ ಸುತ್ತ ಜನ. ಯಾರೋ ಹಿಂದಿನಿಂದ, "ಸಾಬ ಬಾವ್ಯಾಗ ವಿಷ ಹಾಕ್ಯಾನ" ಎಂದರು. ಆ ವರ್ಷ ಅಂಥ ಮಾತು ಸಾಕಾಗಿತ್ತು. ಬಡಿಗೆ ಹಿಡಿದವರು ಮುಂದೆ ಬಂದರು.

ಇಮಾಮಸಾಬರು ಕೊಡ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ನನ್ನ ಬೆರಳುಗಳೂ ಅವರ ಬೆರಳುಗಳಷ್ಟೇ ಕಂದಾಗಿದ್ದವು. ನನ್ನ ಹತ್ತಿರ ಸರಿದು ಮೆಲ್ಲಗೆ, "ಕೈ ಕಿಸೇದಾಗ ಇಟ್ಟುಕೋರಿ" ಎಂದರು.

ನಾನು ಇಟ್ಟುಕೊಂಡೆ.

"ಹೌದ್ರೆಪ್ಪಾ, ನಾನೇ ಹಾಕೀನಿ" ಎಂದು ಅವರು ಜನರತ್ತ ತಿರುಗಿದರು. "ವಿಷ ಅಲ್ಲ, ಔಷಧ. ಹೆಚ್ಚಾಗ್ಯಾದ. ನನ್ನ ತಪ್ಪು."

"ಔಷಧ ಅದ ಅಂದ್ರ ನೀ ಕುಡಿ" ಎಂದ ಒಬ್ಬ.

"ಸುರೀರಿ" ಎಂದು ಅವರು ಕುಳಿತು ಬೊಗಸೆಯೊಡ್ಡಿದರು. ನಾಗಮ್ಮ ಕೈ ಸೋಂಕದ ಹಾಗೆ ಎತ್ತರದಿಂದ ಸುರಿದಳು. ಮೂರು ಬೊಗಸೆ ಕುಡಿದರು. ಗಡ್ಡವೂ ತುಟಿಯೂ ಬಣ್ಣಗೆಟ್ಟವು. ಜನ ಅವರು ಬೀಳುವುದನ್ನು ಕಾಯುತ್ತ ನಿಂತರು; ಬಿಸಿಲೇರಿತು, ಅವರು ಬೀಳಲಿಲ್ಲ. ಒಬ್ಬೊಬ್ಬರಾಗಿ ಚದುರಿದರು.

ಮಹಾಗಾಂವದ ದಾರಿಯಲ್ಲಿ ನಡೆದ ನನ್ನ ಮಾತು ಅಲ್ಲಿಯೂ ನಡೆಯುತ್ತಿತ್ತು. ಹಾಕಿದವನು ನಾನು ಎಂದು ಕೈ ತೋರಿಸಿದ್ದರೆ ಯಾರ ಬಾಯಲ್ಲೂ ವಿಷ ಎಂಬ ಮಾತು ಉಳಿಯುತ್ತಿರಲಿಲ್ಲ. ಎರಡು ಬೈಗುಳ ತಿಂದು ಮುಗಿಯುತ್ತಿತ್ತು. ನನಗೆ ಏಟು ಬೀಳಬಾರದೆಂದು ಅವರು ಹಾಗೆ ಹೇಳಿದರೋ ಏನೋ. ನಾನು ಸುಮ್ಮನಿದ್ದುದು ಬಡಿಗೆಗಳಿಗೆ ಹೆದರಿ. ಈಗಲೂ ಆ ಬಡಿಗೆಗಳು ನನ್ನ ಕಡೆ ತಿರುಗಿದಂತಾಗಿ ಹಗಲಿನಲ್ಲೇ ಬೆವರುತ್ತೇನೆ. ಅವು ಎಂದೂ ನನ್ನ ಕಡೆ ತಿರುಗಿರಲಿಲ್ಲ.

ಜನ ಅವರನ್ನು ಬಿಟ್ಟರು, ಬಾವಿಯನ್ನೂ ಬಿಟ್ಟರು. ಬಣ್ಣ ಹೋದ ಮೇಲೂ ಮುಟ್ಟದೆ ಹಳ್ಳದ ನೀರು ತಂದು ಕುಡಿದರು. ಸುಡಲು ಕೊಡದೆ ಉಳಿಸಿಕೊಂಡ ಬೇನೆಯವರ ಬಟ್ಟೆ ಒಗೆದದ್ದೂ ಅದೇ ಹಳ್ಳದಲ್ಲಿ. ಆ ವಾರ ನನ್ನ ಪಟ್ಟಿಯಲ್ಲಿ "ಹಳ್ಳದ ನೀರು" ಎಂದು ಬರೆದ ಮನೆಗಳಲ್ಲಿ ನಾಗಮ್ಮನದೂ ಒಂದು. ಅವಳ ಸೊಸೆ ಉಳಿದಳು, ಅವಳು ಉಳಿಯಲಿಲ್ಲ.

ಕಲಬುರಗಿಯ ಕಚೇರಿಯಲ್ಲಿ ವಿಚಾರಣೆಯಾಯಿತು. ನನ್ನನ್ನೂ ಕೇಳಿದರು. "ಔಷಧ ಹಾಕೂದು ಅವರ ಕೆಲಸ" ಎಂದೆ. ಸುಳ್ಳಲ್ಲ. ಅವರನ್ನು ಕೆಲಸದಿಂದ ತೆಗೆದರು. ನನ್ನದು ಕಾಯಂ ಆಯಿತು. ಮುಂದೆ ನರ್ಸಿಂಗ್ ಕಲಿಯುವ ಮಕ್ಕಳಿಗೆ ಇದೇ ನೀರು, ಇದೇ ಕೈ, ಇದೇ ಪಟ್ಟಿಯ ಪಾಠ ಹೇಳಿ ನಿವೃತ್ತನಾದೆ. ಯಾರಿಂದ ಕಲಿತೆ ಎಂದು ಒಮ್ಮೆಯೂ ಹೇಳಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಗಂಜ್ ಮಾರುಕಟ್ಟೆಯ ಹತ್ತಿರ. ಹೈದರಾಬಾದಿನ ಮಗಳ ಮನೆಗೆ ಹೊರಟಿದ್ದರು. ಟಾಂಗಾದಲ್ಲಿ ಒಂದು ಟ್ರಂಕು, ಅದರ ಪಕ್ಕದಲ್ಲಿ ಅವರು. ಮಾತು ತೆಗೆಯಬೇಕೆಂದು ಹತ್ತಿರ ಹೋದೆ. "ಚಾಚಾ" ಎನ್ನುವಷ್ಟರಲ್ಲಿ ಅವರು ಕೈ ಮುಂದೆ ಮಾಡಿದರು.

"ತೋರಸ್ರಿ."

ತೋರಿಸಿದೆ. ಉಗುರಿನ ಸಂದಿಯನ್ನೆಲ್ಲ ನೋಡಿದರು. ಅವರ ಬೆರಳುಗಳೂ ಕೆಲಸವಿಲ್ಲದೆ ಬೆಳ್ಳಗಾಗಿದ್ದವು. ಬೇರೆ ಯಾರದೋ ಕೈಯಂತೆ ಕಂಡವು.

"ಬಣ್ಣ ಹೋಗ್ಯಾದ" ಎಂದರು. "ಛಲೋ ಆಯ್ತು. ಮುಂದಿನ ಸಲ ಲೋಟದಾಗ ನೋಡಿ ಹಾಕ್ರಿ."

ಹ್ಞೂಂ ಎಂದೆ. ಟಾಂಗಾ ಹೊರಟಿತು. ಅವರ ಲೋಟ ರುಮಾಲಿನ ಸಮೇತ ನನ್ನ ಮನೆಯಲ್ಲೇ ಉಳಿದಿತ್ತು. ಅವರು ಅದನ್ನು ಕೇಳಲಿಲ್ಲ.